ಓಟೋ–ಮರೀ ನೊಯ್ರಾಟ್: ಪಟಗಳಲ್ಲಿ ಮರೀ ಪಾಲೆಷ್ಟು?

ಸಮಾಜದ ಮೇಷ್ಟ್ರು:
ಎಂಟನೇ ಕ್ಲಾಸಿನ ಜನಸಂಖ್ಯೆ ಪಾಠಕ್ಕೆ ಗೋಡೆಚಾರ್ಟ್ ಮಾಡ್ತಿದ್ದೀನಿ. ಕರ್ನಾಟಕದ ಈಗಿನ ಗಡಿಯೊಳಗೆ 1951ರಲ್ಲಿ 1.94 ಕೋಟಿ, 2011ರಲ್ಲಿ 6.11 ಕೋಟಿ. ಹುಡುಕುವಾಗ ಐಸೋಟೈಪ್ ಸಿಕ್ಕಿತು. ಒಂದೇ ಅಳತೆಯ ಗೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಅಂಕಿ ತೋರಿಸೋದು. ನಾನು ನೋಡಿದ ಕಡೆಯೆಲ್ಲ ಓಟೋ ನೊಯ್ರಾಟ್ ಹೆಸರೇ. ಹೆಂಡತಿ ಮರೀ ಬಗ್ಗೆ ಒಂದೇ ಸಾಲು. ಅವರು ಮಾಡಿದ್ದೇನು?

ಅಚ್ಚುಮೊಳೆ:
ಮೇಷ್ಟ್ರೇ, ನಾನು ಇಂಗ್ಲೆಂಡಿನ ರೆಡಿಂಗ್‌ನಲ್ಲಿ ಟೈಪೋಗ್ರಫಿ ಓದಿದವಳು. ಇವರ ಸಂಗ್ರಹ ಇರೋದು ಅದೇ ವಿಶ್ವವಿದ್ಯಾಲಯದಲ್ಲಿ, 1971ರಲ್ಲಿ ಮರೀ ಅವರೇ ಕೊಟ್ಟಿದ್ದು. ಅಚ್ಚಾದ ಪಟ ನೋಡಿದರೆ ಯಾರ ಕೆಲಸ ಯಾವುದು ಗೊತ್ತಾಗಲ್ಲ, ಪೆನ್ಸಿಲ್ ಕರಡು ನೋಡಬೇಕು. ತಜ್ಞರ ಅಂಕಿಪಟ್ಟಿಯಲ್ಲಿ ಯಾವುದನ್ನು ಇಟ್ಕೋಬೇಕು, ಯಾವುದನ್ನು ಬಿಡಬೇಕು, ಒಂದು ಗೊಂಬೆಗೆ ಎಷ್ಟು ಲೆಕ್ಕ ಅನ್ನೋದನ್ನೆಲ್ಲ ಕರಡಿನಲ್ಲೇ ಕೂಡಿಸಿ ಕಳೆದು ತೀರ್ಮಾನಿಸುತ್ತಿದ್ದವರು ಮರೀ. ತಂಡದಲ್ಲಿ ಆ ಕೆಲಸ ಮಾಡೋರಿಗೆ 'ಟ್ರಾನ್ಸ್‌ಫಾರ್ಮರ್' ಅಂತಿದ್ದರು, ಅಂಕಿಯನ್ನು ಪಟವಾಗಿ ಮಾರ್ಪಡಿಸೋರು ಅಂತ. ಗೊಂಬೆಗಳನ್ನು ಲಿನೋಲಿಯಂನಲ್ಲಿ ಕೊರೆದದ್ದು ಗೆರ್ಡ್ ಆರ್ನ್ಟ್ಸ್. ಐಸೋಟೈಪ್ ಅನ್ನೋ ಹೆಸರು ಕೊಟ್ಟವರೂ ಮರೀನೇ!

ಹಾಗಂತ ಓಟೋ ಸಾಮಾನ್ಯರಲ್ಲ. 1925ರಲ್ಲಿ ವಿಯೆನ್ನಾದಲ್ಲಿ ಸಮಾಜ ಮತ್ತು ಅರ್ಥವ್ಯವಸ್ಥೆಯ ಮ್ಯೂಸಿಯಂ ಕಟ್ಟಿ, ಕೆಲಸ ಮುಗಿಸಿ ಬರೋ ಕಾರ್ಮಿಕರಿಗೆ ಅಂತ ಸಂಜೆ ಹೊತ್ತೂ ತೆಗೆಸಿದರು. 1934ರಲ್ಲಿ ಅಲ್ಲಿನ ಸರ್ಕಾರ ಇವರಂಥ ಸಮಾಜವಾದಿಗಳ ಮೇಲೆ ಬಿದ್ದಾಗ ಓಟೋ ಮಾಸ್ಕೋದಲ್ಲಿದ್ದರು. 'ಕಾರ್ನಾಪ್ ಕಾಯ್ತಿದ್ದಾರೆ' ಅಂತ ಮರೀ ತಂತಿ ಕಳಿಸಿದರು. ಕಾರ್ನಾಪ್ ಅಂದ್ರೆ ಆಗ ಪ್ರಾಗ್‌ನಲ್ಲಿದ್ದ ತತ್ವಶಾಸ್ತ್ರಜ್ಞ ಗೆಳೆಯ. ಮೊದಲೇ ಮಾತಾಡಿಕೊಂಡಿದ್ದ ಗುಟ್ಟು: ವಿಯೆನ್ನಾಕ್ಕೆ ಬರಬೇಡಿ, ಪ್ರಾಗ್‌ಗೆ ಹೋಗಿ. ಆಮೇಲೆ ನೆದರ್ಲೆಂಡ್ಸ್‌ನ ಹೇಗ್ ನಗರ. 1940ರಲ್ಲಿ ಜರ್ಮನ್ನರು ಅಲ್ಲಿಗೂ ನುಗ್ಗಿದಾಗ ಜೀವರಕ್ಷಕ ದೋಣಿಯಲ್ಲಿ ಇಂಗ್ಲೆಂಡ್. ಮದುವೆಯಾಗಿದ್ದು 1941ರಲ್ಲಿ! 1945ರ ಡಿಸೆಂಬರಲ್ಲಿ ಓಟೋ ತೀರಿಕೊಂಡರು. ಮುಂದೆ ಮರೀ ಒಬ್ಬರೇ ಮಕ್ಕಳ ಪುಸ್ತಕ ಮಾಡಿದರು, ಪಶ್ಚಿಮ ನೈಜೀರಿಯಾಕ್ಕೆ ಹೋಗಿ ಅಲ್ಲಿನ ಮನೆ, ಉಡುಪು ನೋಡಿ ಚಿತ್ರ ಬದಲಿಸಿದರು. ಇಷ್ಟಾದ ಮೇಲೂ ಒಂದೇ ಸಾಲು ಅಂದ್ರೆ ಸಿಟ್ಟು ಬರುತ್ತೆ ನನಗೆ.

ತರಲೆ ತಿಮ್ಮ:
ಸಮಾಜವಾದಿ ನಗರಸಭೆ ದುಡ್ಡಲ್ಲಿ ನಡೆದ ಮ್ಯೂಸಿಯಂ ತಾನೇ? ಪ್ರಚಾರ ಅನ್ನಿ.

ಅಚ್ಚುಮೊಳೆ:
ತಿಮ್ಮಣ್ಣ, ಆ ವಾಸನೆ ಇತ್ತು, ಇಲ್ಲ ಅನ್ನಲ್ಲ. ಆದರೆ ಗೊಂಬೆ ಎಣಿಸಿ ಲೆಕ್ಕ ತಾಳೆ ನೋಡಬಹುದು. ಎಷ್ಟು ಪ್ರಚಾರಕ್ಕೆ ಆ ಧೈರ್ಯ ಇರುತ್ತೆ?

ಮೇಷ್ಟ್ರೇ, ಚಾರ್ಟಿನಲ್ಲಿ ಗೊಂಬೆ ದೊಡ್ಡದು ಮಾಡೋಕೆ ಹೋಗಬೇಡಿ. ಎತ್ತರ ದುಪ್ಪಟ್ಟು ಮಾಡಿದರೆ ಅಗಲವೂ ದುಪ್ಪಟ್ಟಾಗಿ ಕಣ್ಣಿಗೆ ನಾಲ್ಕು ಪಟ್ಟು ಕಾಣುತ್ತೆ. ಗೊಂಬೆಗೆ 50 ಲಕ್ಷ ಅಂತಿಟ್ಟರೆ 1951ರ ಸಾಲಿಗೆ 4, 2011ರದಕ್ಕೆ 12.

ಸಮಾಜದ ಮೇಷ್ಟ್ರು:
ಬಹಳ ಉಪಕಾರ ಆಯ್ತು ಮೇಡಂ. 12 ಗೊಂಬೆ ಅಂದ್ರೆ 6 ಕೋಟಿ. ಉಳಿದ 11 ಲಕ್ಷಕ್ಕೆ ಏನು ಮಾಡ್ಲಿ?

ಅಚ್ಚುಮೊಳೆ:
ಬಿಟ್ಟುಬಿಡಿ. ಅಷ್ಟಕ್ಕೆ ಗೊಂಬೆಯ ಕಾಲು ಕತ್ತರಿಸಿ ಅಂಟಿಸಿದರೆ ಮಕ್ಕಳು ಅದನ್ನೇ ನೋಡಿ ನಗ್ತವೆ. ನಿಖರ ಅಂಕಿಯನ್ನ ಕೆಳಗೆ ಸಣ್ಣಕ್ಷರದಲ್ಲಿ ಬರೀರಿ ಸಾಕು.