ಕಸ ತುಂಬಿದ ಹಳೆಯ ಪಾರ್ಕಿನಲ್ಲಿ ನಾಣ್ಯ ಸಿಗುತ್ತಿಲ್ಲ: ಈಕ್ವಿನಾಕ್ಸ್ 800ರ ಸೆಟ್ಟಿಂಗ್ ಹೇಗಿರಬೇಕು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯಲ್ಲಿ ನೆಲೆಸಿದ್ದು, ನಮ್ಮ ಊರಿನ ಹಳೆಯ ಪಾರ್ಕಿನಲ್ಲಿ ಸ್ಥಳೀಯ ಆಡಳಿತದ ಅನುಮತಿ ಪಡೆದು ಮೈನ್‌ಲ್ಯಾಬ್ ಈಕ್ವಿನಾಕ್ಸ್ 800 ಲೋಹಶೋಧಕದಿಂದ (ಮೆಟಲ್ ಡಿಟೆಕ್ಟರ್) ನಾಣ್ಯ ಹುಡುಕುತ್ತಿದ್ದೇನೆ. ಜನ ತಲೆಮಾರುಗಳಿಂದ ಕೂತು ಊಟ ಮಾಡಿ ಹೋದ ಜಾಗ ಅದು. ಹಾಗಾಗಿ 1965ಕ್ಕೂ ಹಿಂದಿನ ಬೆಳ್ಳಿಯ ಡೈಮ್‌ಗಳು (ಹತ್ತು ಸೆಂಟಿನ ನಾಣ್ಯಗಳು) ಇರಬಹುದೆಂಬ ಆಸೆ. ಆದರೆ ಕ್ಯಾನ್‌ಗಳ ಪುಲ್ ಟ್ಯಾಬ್, ಫಾಯಿಲ್ ಚೂರು, ಬಾಟಲಿ ಮುಚ್ಚಳ ಮತ್ತು ಮೊಳೆಗಳ ಸದ್ದು ತಾಳಲಾರದಷ್ಟಿದೆ. ಪಾರ್ಕ್ 1 ಮೋಡ್, 11 ಇಂಚಿನ ಕಾಯಿಲ್ (ನೆಲದ ಮೇಲೆ ಬೀಸುವ ತಟ್ಟೆ), ಸೆನ್ಸಿಟಿವಿಟಿ 23, ರಿಕವರಿ ಸ್ಪೀಡ್ (ಒಂದು ವಸ್ತುವನ್ನು ಗುರುತಿಸಿ ಮುಂದಿನದಕ್ಕೆ ಸಿದ್ಧವಾಗುವ ವೇಗ) 4 ಇಟ್ಟುಕೊಂಡಿದ್ದೇನೆ. ಕಸದ ಸದ್ದು ನಿಲ್ಲಲೆಂದು ಲೋಹವನ್ನು ಗುರುತಿಸಲು ಯಂತ್ರ ತೋರಿಸುವ ಸಂಖ್ಯೆಗಳಲ್ಲಿ 20ಕ್ಕಿಂತ ಕೆಳಗಿನವನ್ನೆಲ್ಲ ರಿಜೆಕ್ಟ್ ಮಾಡಿದೆ, ಅಂದರೆ ಅವಕ್ಕೆ ದನಿ ಬಾರದಂತೆ ಮಾಡಿದೆ. ಈಗ ಸದ್ದೇನೋ ಇಲ್ಲ, ಆದರೆ ನಾಣ್ಯವೂ ಇಲ್ಲ. ಮನೆಯ ಹಿತ್ತಲಲ್ಲಿ ಪರೀಕ್ಷಿಸಿದರೆ ಡೈಮ್ ಸ್ಪಷ್ಟವಾಗಿ ಕೇಳುತ್ತದೆ. ಯಂತ್ರ ಕೆಟ್ಟಿದೆಯೇ?

ಉತ್ತರ:

ನಮಸ್ಕಾರ. ಹಿತ್ತಲಲ್ಲಿ ಡೈಮ್ ಹಿಡಿಯುವ ಯಂತ್ರ ಕೆಟ್ಟಿರುವ ಸಂಭವ ಕಡಿಮೆ. ತೊಂದರೆ ಇರುವುದು ಆ ರಿಜೆಕ್ಟ್ ಸಾಲಿನಲ್ಲಿ. ಹೀಗೆ ರಿಜೆಕ್ಟ್ ಮಾಡುವುದರಿಂದ (ಡಿಸ್ಕ್ರಿಮಿನೇಶನ್) ಕಸದ ಸದ್ದು ನಿಲ್ಲುತ್ತದೆಯೇ ಹೊರತು ಕಸ ಕಾಯಿಲಿನ ಕೆಳಗಿನಿಂದ ಹೋಗುವುದಿಲ್ಲ. 11 ಇಂಚಿನ ಕಾಯಿಲಿನಡಿ ಒಂದೇ ಹೊತ್ತಿಗೆ ಎರಡು ಮೊಳೆ, ಒಂದು ಟ್ಯಾಬ್ ಮತ್ತು ಒಂದು ಡೈಮ್ ಬಂದರೆ ಅವುಗಳ ಸಂಕೇತಗಳು ಬೆರೆತು ಒಂದು ತಪ್ಪು ಸಂಖ್ಯೆಯಾಗುತ್ತವೆ. ಆ ಸಂಖ್ಯೆ ನೀವು ರಿಜೆಕ್ಟ್ ಮಾಡಿದ ಭಾಗದಲ್ಲಿ ಬಿದ್ದರೆ ಡೈಮ್ ಕೂಡ ಮೌನವಾಗಿ ಉಳಿದುಬಿಡುತ್ತದೆ. ಇದನ್ನು ಹಿತ್ತಲಲ್ಲೇ ಕಣ್ಣಾರೆ ನೋಡಬಹುದು. ನೆಲದ ಮೇಲೆ ಡೈಮ್ ಇಟ್ಟು, ಅದರಿಂದ ಎರಡು ಬೆರಳಗಲ ದೂರದಲ್ಲಿ ತುಕ್ಕು ಹಿಡಿದ ಮೊಳೆಯೊಂದನ್ನು ಇಡಿ. ಮೊಳೆಯ ಉದ್ದಕ್ಕೂ ಒಮ್ಮೆ, ಅಡ್ಡಕ್ಕೂ ಒಮ್ಮೆ ಕಾಯಿಲ್ ಬೀಸಿ, ಬಳಿಕ ರಿಕವರಿ ಸ್ಪೀಡ್ ಏರಿಸಿ ಮತ್ತೆ ಬೀಸಿ. ಒಂದು ದಿಕ್ಕಿನಲ್ಲಿ ಮುಚ್ಚಿಹೋದ ಡೈಮಿನ ದನಿ ಇನ್ನೊಂದು ದಿಕ್ಕಿನಲ್ಲಿ ಚುಟುಕಾಗಿ ಕೇಳುವುದನ್ನು ಗಮನಿಸುವಿರಿ. ಕಸದ ನೆಲದಲ್ಲಿ ನಿಮಗೆ ಬೇಕಾದ ದನಿ ಅದೇ.

ಹಾಗಾಗಿ ಮೊದಲು 6 ಇಂಚಿನ ಕಾಯಿಲ್ ಹಾಕಿ. ಯಾವ ಸೆಟ್ಟಿಂಗ್ ಬದಲಿಸಿದರೂ ಇದರಷ್ಟು ಉಪಯೋಗವಾಗದು ಎಂಬುದು ನನ್ನ ದೃಢ ಅಭಿಪ್ರಾಯ, ಏಕೆಂದರೆ ಒಮ್ಮೆಗೆ ಕಾಯಿಲಿನಡಿ ಬರುವ ವಸ್ತುಗಳೇ ಕಡಿಮೆಯಾಗುತ್ತವೆ. ಅನಂತರ ಪಾರ್ಕ್ 2 ಮೋಡಿಗೆ ಬಂದು, ನಾಯ್ಸ್ ಕ್ಯಾನ್ಸಲ್ (ಸುತ್ತಲಿನ ವಿದ್ಯುತ್ ಅಡಚಣೆ ತಗ್ಗಿಸುವ ಆಯ್ಕೆ) ಮಾಡಿ, ಸೆನ್ಸಿಟಿವಿಟಿಯನ್ನು 17ರ ಆಸುಪಾಸಿಗೆ ಇಳಿಸಿ. ಆಳ ಕಳೆದುಕೊಳ್ಳುತ್ತೇವೆಂಬ ಅಳುಕು ಬೇಡ. ಆಳದಲ್ಲಿರುವ ನಾಣ್ಯಕ್ಕಿಂತ ಮೇಲ್ಪದರದ ಕಸದ ಮರೆಯಲ್ಲಿರುವ ನಾಣ್ಯಗಳೇ ಇಂಥ ಜಾಗದಲ್ಲಿ ಹೆಚ್ಚಾಗಿ ತಪ್ಪಿಹೋಗುತ್ತವೆ. ರಿಕವರಿ ಸ್ಪೀಡ್ 6 ಅಥವಾ 7 ಇರಲಿ. ರಿಜೆಕ್ಟ್ ಮಾಡಿದ ಸಂಖ್ಯೆಗಳನ್ನೆಲ್ಲ ತೆರೆದು, ಕಿವಿಗೆ ಬಿಡುವು ಬೇಕೆನಿಸಿದರೆ ಸಂಖ್ಯೆಗಳನ್ನು ಐದು ಗುಂಪು ಮಾಡಿ ಒಂದೊಂದಕ್ಕೂ ಬೇರೆ ದನಿ ಕೊಡುವ ಐದು ಟೋನ್ ಆಯ್ಕೆಯಲ್ಲಿ ಕಬ್ಬಿಣದ ಟೋನಿನ ವಾಲ್ಯೂಮ್ ಮಾತ್ರ ತಗ್ಗಿಸಿ. ಆಗ ಕಬ್ಬಿಣ ಎಲ್ಲಿದೆ ಎಂಬುದು ತಿಳಿಯುತ್ತಿರುತ್ತದೆ, ಆದರೆ ಕಿವಿ ದಣಿಯುವುದಿಲ್ಲ. ಕಾಯಿಲನ್ನು ನಿಧಾನವಾಗಿ, ಗಿಡ್ಡ ಬೀಸಿನಲ್ಲಿ, ಪ್ರತಿ ಬೀಸೂ ಹಿಂದಿನದರ ಅರ್ಧವನ್ನು ಮತ್ತೆ ಸವರುವಂತೆ ಆಡಿಸಿ.

ಇನ್ನು ಸಂಖ್ಯೆಗಳ ಮಾತು. ಈ ಯಂತ್ರದಲ್ಲಿ ಅಮೆರಿಕದ ಐದು ಸೆಂಟಿನ ನಿಕಲ್ ಸುಮಾರು 12–13, ಸತುವಿನ ಸೆಂಟ್ 20ರ ಅಕ್ಕಪಕ್ಕ, ತಾಮ್ರದ ಸೆಂಟ್ 24–25, ಡೈಮ್ 25–27, ಕ್ವಾರ್ಟರ್ (25 ಸೆಂಟಿನ ನಾಣ್ಯ) ಅದಕ್ಕೂ ಮೇಲೆ ತೋರಿಸುತ್ತದೆ. ಸೆಂಟಿಗೆ ಎರಡು ಜಾಗ ಇರುವುದಕ್ಕೆ ಕಾರಣ, 1982ರಲ್ಲಿ 95 ಪ್ರತಿಶತ ತಾಮ್ರದ ಸೆಂಟ್ ಹೋಗಿ ಸತುವಿನ ಮೇಲೆ ತಾಮ್ರ ಲೇಪಿಸಿದ ಸೆಂಟ್ ಬಂತು. ಮಣ್ಣಿನಲ್ಲಿ ಕೊರೆದುಹೋದ ಸತುವಿನ ಸೆಂಟ್ ಇನ್ನೂ ಕೆಳಗಿನ ಸಂಖ್ಯೆ ತೋರಿಸುವುದುಂಟು. ಪುಲ್ ಟ್ಯಾಬ್‌ಗಳು ನಿಕಲಿನಿಂದ ಹಿಡಿದು ಸತುವಿನ ಸೆಂಟಿನವರೆಗೂ ಹರಡಿಕೊಂಡಿವೆ. ಚಿನ್ನದ ಉಂಗುರಗಳಲ್ಲಿ ಬಹುಪಾಲು ಕೂಡ ಅದೇ ಹರವಿನಲ್ಲಿ ಬರುತ್ತವೆ. ಉಂಗುರವೂ ಬೇಕು, ಟ್ಯಾಬ್ ಬೇಡ ಎಂದರೆ ಯಾವ ಸೆಟ್ಟಿಂಗಿನಿಂದಲೂ ಸಾಧ್ಯವಿಲ್ಲ, ಅಗೆಯಲೇಬೇಕು. ನಿಮ್ಮ ಗುರಿ ಬೆಳ್ಳಿಯ ಡೈಮ್ ಮಾತ್ರವಾದರೆ ಕೆಳಗಿನ ದನಿಗಳನ್ನು ಕೇಳಿಯೂ ಮುಂದೆ ಸಾಗಿ, ಆದರೆ ರಿಜೆಕ್ಟ್ ಮಾಡಬೇಡಿ.

ಪ್ರಶ್ನೆ ಕೇಳಿದವರು:

ತಮ್ಮ ವಿವರಣೆಗೆ ಹೃತ್ಪೂರ್ವಕ ಧನ್ಯವಾದಗಳು. ಚಿಕ್ಕ ಕಾಯಿಲ್ ಹಾಕಿ, ಹಿಂದೆ ಏನೂ ಇಲ್ಲವೆಂದು ಬಿಟ್ಟಿದ್ದ ಓಕ್ ಮರದಡಿಯಲ್ಲೇ ಹುಡುಕಿದೆ. ಮೊಳೆಗಳ ನಡುವೆ ತಾಮ್ರದ ಸೆಂಟ್‌ಗಳೂ ಒಂದು ಬೆಳ್ಳಿಯ ಡೈಮ್ ಕೂಡ ಸಿಕ್ಕವು. ಆದರೆ ಬಾಟಲಿಯ ಉಕ್ಕಿನ ಮುಚ್ಚಳಗಳು ನಾಣ್ಯದಂತೆಯೇ ದನಿ ಮಾಡುತ್ತಿವೆ. ಸಂದೇಹದ ಸಂಕೇತವನ್ನು ಕಬ್ಬಿಣವೆಂದು ತೀರ್ಮಾನಿಸುವತ್ತ ಯಂತ್ರವನ್ನು ವಾಲಿಸುವ ಐರನ್ ಬಯಾಸ್ ಏರಿಸಬೇಕೇ?

ಉತ್ತರ:

ತುಂಬ ಸಂತೋಷವಾಯಿತು. ಉಕ್ಕಿನ ಮುಚ್ಚಳ ಚಪ್ಪಟೆಯಾಗಿ, ದುಂಡಗೆ ಇರುವುದರಿಂದ ಕಬ್ಬಿಣವಾದರೂ ಮೇಲಿನ ಸಂಖ್ಯೆ ಕೊಡುತ್ತದೆ. 2019ರ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಬಂದ ಎಫ್2 ಎಂಬ ಐರನ್ ಬಯಾಸನ್ನು ಏರಿಸಿದರೆ ಇವುಗಳಲ್ಲಿ ಅನೇಕ ಕಬ್ಬಿಣದ ದನಿಗೆ ಇಳಿಯುತ್ತವೆ. ಆದರೆ ಬಯಾಸ್ ಏರಿಸಿದಷ್ಟೂ ಮೊಳೆಯ ಮಗ್ಗುಲಲ್ಲಿರುವ ನಾಣ್ಯವನ್ನೂ ಯಂತ್ರ ಕಬ್ಬಿಣವೆಂದೇ ತೀರ್ಮಾನಿಸುವ ಅಪಾಯವಿದೆ. ಮೊಳೆ ಹೆಚ್ಚಿರುವ ಮರದಡಿಯಲ್ಲಿ ಅದನ್ನು ಕೆಳಗೇ ಇಟ್ಟು, ಮುಚ್ಚಳಗಳೇ ತುಂಬಿರುವ ಪಿಕ್ನಿಕ್ ಮೇಜುಗಳ ಸುತ್ತ ಮಾತ್ರ ಏರಿಸಿ.

ಅದಕ್ಕಿಂತ ನನಗೆ ಹೆಚ್ಚು ನಂಬಿಕೆಯಿರುವುದು ಅಂಚಿನ ಪರೀಕ್ಷೆಯಲ್ಲಿ. ದನಿ ಬಂದ ಜಾಗದಿಂದ ಕಾಯಿಲನ್ನು ಬೀಸುತ್ತಲೇ ಸ್ವಲ್ಪ ಸ್ವಲ್ಪವಾಗಿ ಹಿಂದಕ್ಕೆ ಎಳೆದುಕೊಳ್ಳುತ್ತ, ಅದರ ಮೂತಿ ಮಾತ್ರ ಆ ವಸ್ತುವಿನ ಮೇಲೆ ಹಾಯುವಂತೆ ಮಾಡಿ. ನಾಣ್ಯವಾದರೆ ದನಿ ಕ್ಷೀಣಿಸಿದರೂ ಸಂಖ್ಯೆ ಅಷ್ಟಾಗಿ ಬದಲಾಗುವುದಿಲ್ಲ. ಮುಚ್ಚಳವಾದರೆ ಸಂಖ್ಯೆ ಕುಸಿದು ಕಬ್ಬಿಣದ ಗೊರಗೊರ ದನಿ ಇಣುಕುತ್ತದೆ. ಬಳಿಕ 90 ಡಿಗ್ರಿ ತಿರುಗಿ ನಿಂತು ಮತ್ತೊಮ್ಮೆ ಬೀಸಿ. ಎರಡೂ ದಿಕ್ಕಿನಲ್ಲಿ ಸಂಖ್ಯೆ ಒಂದೆರಡರ ಒಳಗೆ ನಿಂತರೆ ಅಗೆಯಿರಿ. ಒಂದೇ ದಿಕ್ಕಿನಲ್ಲಿ 25 ಎಂದು ಚುಟುಕಾಗಿ ದನಿ ಮಾಡಿ, ಇನ್ನೊಂದು ದಿಕ್ಕಿನಲ್ಲಿ ಬರಿಯ ಕಬ್ಬಿಣದ ದನಿ ಬಂದರೂ, ಆ ಚುಟುಕು ದನಿ ಪ್ರತಿ ಬೀಸಿಗೂ ಅದೇ ಜಾಗದಲ್ಲಿ ಮರುಕಳಿಸುತ್ತಿದ್ದರೆ ಅದನ್ನೂ ಅಗೆಯಿರಿ. ಮೇಲಿನ ಮೊಳೆಯನ್ನು ತೆಗೆದ ಮೇಲೆ ಗುಂಡಿಯ ಮೇಲೆ ಕಾಯಿಲನ್ನು ಇನ್ನೊಮ್ಮೆ ಹಾಯಿಸದೆ ಮಣ್ಣು ಮುಚ್ಚಬೇಡಿ.