ಪದಚರ್ಚೆ: ಗಾಯಕರ ‘ವಿಡಿಯೋಗ್ರಫಿ’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ, ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ.

ಪಾಪ್ ಗಾಯಕರೊಬ್ಬರ ಹಾಡಿನ ವಿಡಿಯೋಗಳು, ಅವರು ನಟಿಸಿದ ಸಿನಿಮಾಗಳು, ಬಂದುಹೋದ ಟಿ.ವಿ. ಕಾರ್ಯಕ್ರಮಗಳು, ಇವನ್ನೆಲ್ಲ ವರ್ಷವಾರು ಜೋಡಿಸಿದ ಪಟ್ಟಿಗೆ ಇಂಗ್ಲಿಷಿನಲ್ಲಿ ‘ವಿಡಿಯೋಗ್ರಫಿ’ ಎನ್ನುತ್ತಾರೆ. ಅಂತರ್ಜಾಲದ ಕನ್ನಡ ಬರಹಗಳಲ್ಲೂ ಅದೇ ಪದ ಹಾಗೇ ಬಂದು ಕೂತಿದೆ. ದಾವಣಗೆರೆಯಲ್ಲಿ ಈ ಪದಕ್ಕೆ ಆಗಲೇ ಬೇರೆ ಕೆಲಸ ಇದೆ. ‘ಫೋಟೋಗ್ರಫಿ ಮತ್ತು ವಿಡಿಯೋಗ್ರಫಿ’ ಎಂದು ಸ್ಟುಡಿಯೋ ಬೋರ್ಡಿನಲ್ಲಿ ಇದ್ದರೆ ಮದುವೆ, ಗೃಹಪ್ರವೇಶ, ನಾಮಕರಣಗಳ ಶೂಟಿಂಗ್ ಮಾಡಿಕೊಡುತ್ತಾರೆ ಎಂದರ್ಥ. ‘ಮೈಕಲ್ ಜಾಕ್ಸನ್ ವಿಡಿಯೋಗ್ರಫಿ’ ಎಂಬ ತಲೆಬರಹ ಓದಿದವರಿಗೆ ಜಾಕ್ಸನ್ ಕ್ಯಾಮೆರಾ ಹಿಡಿದದ್ದೇ ಕಣ್ಣಿಗೆ ಬರುತ್ತದೆ. ಅದು ಓದುಗರ ತಪ್ಪಲ್ಲ.

ಜಾಕ್ಸನ್ ಅವರ ಇಂಥದೊಂದು ಪಟ್ಟಿಯನ್ನು ನಾನೂ ಕನ್ನಡದಲ್ಲಿ ಜೋಡಿಸುತ್ತಿದ್ದೇನೆ. ಬದಲಿಗೆ ಯಾವ ಪದ? ನಾನು ತೂಗಿ ನೋಡಿದವು ಇವು.

‘ಚಿತ್ರಸೂಚಿ’. ಗ್ರಂಥಸೂಚಿ, ಪದಸೂಚಿಗಳ ಸಾಲಿನಲ್ಲಿ ಚೆನ್ನಾಗಿ ನಿಲ್ಲುತ್ತದೆ. ಆದರೆ ಚಿತ್ರ ಎಂದರೆ ಸಿನಿಮಾ, ಇಲ್ಲವೇ ಬರೆದ ಚಿತ್ರ. ನಾಲ್ಕು ನಿಮಿಷದ ಹಾಡಿನ ವಿಡಿಯೋವನ್ನು ಯಾರೂ ಚಿತ್ರ ಅನ್ನುವುದಿಲ್ಲ.

‘ಸಂಗೀತ ವಿಡಿಯೋ ಪಟ್ಟಿ’. ಇದು ಪದಕ್ಕೆ ಪದ ಇಟ್ಟ ಅನುವಾದ. ‘ಸಂಗೀತ ವಿಡಿಯೋ’ ಎಂದರೆ ಕಛೇರಿಯೊಂದರ ರೆಕಾರ್ಡಿಂಗ್ ಎಂದೇ ಕೇಳುತ್ತದೆ. ಇನ್ನು ‘ಪಟ್ಟಿ’: ದರಪಟ್ಟಿ, ಮತದಾರರ ಪಟ್ಟಿಗಳಿಂದ ಎಲ್ಲರಿಗೂ ಗೊತ್ತಿರುವ ಮಾತು. ಗಣಪತಿ ಹಬ್ಬದ ಹೊತ್ತಿಗೆ ‘ಪಟ್ಟಿ ಎತ್ತೋದು’ ಎಂದರೆ ಚಂದಾ ಎತ್ತುವುದು, ಆದರೆ ಆ ಅರ್ಥ ಇಲ್ಲಿ ಅಡ್ಡ ಬರಲಾರದು. ಹರಿಹರ ದಾಟಿ ರಾಣೆಬೆನ್ನೂರಿನ ಕಡೆಗೆ ಹೋದರೆ ‘ಯಾದಿ’ ಸಿಗುತ್ತದೆ. ಒಳ್ಳೆಯ ಪದ, ಆದರೆ ತೆಂಕಣದ ಓದುಗರಿಗೆ ಅಷ್ಟು ಬಳಕೆಯಿಲ್ಲ.

‘ಚಿತ್ರಗೀತೆ’ಯನ್ನು ಮುಟ್ಟುವ ಹಾಗೇ ಇಲ್ಲ, ಅದು ಸಿನಿಮಾ ಹಾಡು. ಹಿಂದುಮುಂದು ಮಾಡಿ ‘ಗೀತಚಿತ್ರ’ ಎಂದರೆ? ಕೇಳಲು ಇಂಪಾಗಿದೆ. ಆದರೆ ಹಾಡುಗಳೇ ತುಂಬಿದ ಸಿನಿಮಾ ಎಂದು ತಿಳಿಯುವ ಸಂಭವವೇ ಹೆಚ್ಚು.

ಇದರ ಜೊತೆಗೆ ಮತ್ತೊಂದು ತೊಡಕು. ಇಂಥ ಪಟ್ಟಿಗಳಲ್ಲಿ ‘ಪಾತ್ರ’ದ ಅಂಕಣದಲ್ಲಿ ಬರಿದೇ ‘ಸ್ವತಃ’ ಎಂದು ಬರೆದಿರುತ್ತಾರೆ. ‘ಸ್ವತಃ ಹೋಗಿದ್ದ’, ‘ಸ್ವತಃ ಹೇಳಿದ’ ಎನ್ನುತ್ತೇವೆಯೇ ಹೊರತು ಒಂಟಿಯಾಗಿ ಕೂತ ‘ಸ್ವತಃ’ಕ್ಕೆ ಕನ್ನಡದಲ್ಲಿ ಏನು ಅರ್ಥ? ಬಲ್ಲವರು ತಿಳಿಸಬೇಕು.

ಉತ್ತರ, ಚಿತ್ರದುರ್ಗದಿಂದ:

ಮೇಡಂ, ನಮಸ್ಕಾರ. ಒಂದೇ ಪದ ಸಿಗದೆ ಇರುವುದಕ್ಕೆ ಕಾರಣ ಪದಗಳ ಬಡತನವಲ್ಲ. ಗಾಯಕರಿಗೂ ತೆರೆಗೂ ಇರುವ ಸಂಬಂಧ ಒಂದೇ ಬಗೆಯದಲ್ಲ, ಕನ್ನಡ ಆ ಬಗೆಗಳನ್ನು ಬೇರೆ ಬೇರೆ ಕ್ರಿಯಾಪದಗಳಿಂದ ಹೇಳುತ್ತದೆ: ಹಾಡುವುದು, ನಟಿಸುವುದು, ಕಾಣಿಸಿಕೊಳ್ಳುವುದು, ನಡೆಸಿಕೊಡುವುದು, ಕಂಠದಾನ ಮಾಡುವುದು. ಇಂಗ್ಲಿಷಿನ ‘ಗ್ರಫಿ’ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ನಾವು ಚೀಲ ಹುಡುಕುವುದನ್ನು ಬಿಟ್ಟು ಒಳಗಿರುವುದನ್ನು ವಿಂಗಡಿಸಿದರೆ ಪದಗಳು ತಾವಾಗಿ ಸಿಗುತ್ತವೆ.

ನಮ್ಮಲ್ಲಿ ಗಾಯಕ ಎಂದರೆ ಬಹುಮಟ್ಟಿಗೆ ‘ಹಿನ್ನೆಲೆ ಗಾಯಕ’. ದನಿ ಅವರದು, ಮುಖ ನಟರದು. ಅದಕ್ಕೇ ಗಾಯಕರು ತೆರೆಗೆ ಬಂದ ಸಂಗತಿಯನ್ನು ಬಿಡಿಸಿ ಹೇಳಲೇಬೇಕಾಗುತ್ತದೆ. 1993ರ ‘ಮುದ್ದಿನ ಮಾವ’ ನೆನಪಿಸಿಕೊಳ್ಳಿ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅದರಲ್ಲಿ ಪಾತ್ರಧಾರಿ, ಅವರ ಪಾತ್ರಕ್ಕೆ ಹಾಡಿದವರು ರಾಜ್‌ಕುಮಾರ್. ನಟ ಹಾಡಿದರು, ಗಾಯಕ ತುಟಿ ಆಡಿಸಿದರು. ಇದನ್ನು ‘ಎಸ್‌ಪಿಬಿ ಹಾಡುಗಳು’ ಎಂಬ ಪಟ್ಟಿಯಲ್ಲಿ ನೋಡಿದರೆ ಒಂದು ಲೆಕ್ಕ, ‘ನಟಿಸಿದ ಚಿತ್ರಗಳು’ ಎಂಬಲ್ಲಿ ನೋಡಿದರೆ ಇನ್ನೊಂದು ಲೆಕ್ಕ.

ಇದಕ್ಕೆ ಸರಿಜೋಡಿ ಜಾಕ್ಸನ್ ಪಟ್ಟಿಯಲ್ಲೂ ಇದೆ. 1991ರ ಸೆಪ್ಟೆಂಬರಿನಲ್ಲಿ ‘ದಿ ಸಿಂಪ್ಸನ್ಸ್’ ಕಾರ್ಟೂನ್ ಧಾರಾವಾಹಿಯ ಒಂದು ಕಂತಿನಲ್ಲಿ ಮಾತಾಡಿದ್ದು ಜಾಕ್ಸನ್ನೇ, ಆದರೆ ಹೆಸರು ಹಾಕಿದ್ದು ಜಾನ್ ಜೇ ಸ್ಮಿತ್ ಎಂದು. ಆ ಪಾತ್ರದ ಹಾಡನ್ನು ಹಾಡಿದ್ದು ಅವರ ದನಿ ಅನುಕರಿಸಿದ ಇನ್ನೊಬ್ಬ ಗಾಯಕ. ಕನ್ನಡದಲ್ಲಿ ಇದನ್ನು ತೊಡಕಿಲ್ಲದೆ ಹೇಳಬಹುದು: ‘ಮಾತಿಗೆ ಕಂಠದಾನ, ಹಾಡು ಬೇರೆಯವರದು’. ‘ಕಾಣಿಸಿಕೊಂಡರು’ ಎಂದು ಬರೆದರೆ ಸುಳ್ಳಾಗುತ್ತದೆ, ತೆರೆಯ ಮೇಲೆ ಅವರು ಇಲ್ಲವೇ ಇಲ್ಲ. ಇನ್ನೊಂದು ಉದಾಹರಣೆ: ರಾಕ್‌ವೆಲ್ ಅವರ 1984ರ ‘ಸಂಬಡೀಸ್ ವಾಚಿಂಗ್ ಮಿ’ ಹಾಡಿನ ಪಲ್ಲವಿಯಲ್ಲಿ ಜಾಕ್ಸನ್ ದನಿ ಇದೆ, ವಿಡಿಯೋದಲ್ಲಿ ಮುಖ ಇಲ್ಲ. ಅದು ಹಾಡುಗಳ ಸೂಚಿಗೆ ಸೇರಬೇಕು, ವಿಡಿಯೋ ಸೂಚಿಗಲ್ಲ.

ಹಾಗಾಗಿ ನನ್ನ ಸಲಹೆ: ಇಡೀ ಪುಟಕ್ಕೆ ‘ತೆರೆಯ ಮೇಲೆ’ ಎಂದು ತಲೆಬರಹ ಕೊಡಿ. ಬೆಳ್ಳಿತೆರೆ, ಕಿರುತೆರೆ ಎರಡನ್ನೂ ಅದು ಒಳಗೊಳ್ಳುತ್ತದೆ, ‘ತೆರೆಮರೆ’ಯ ಹಿನ್ನೆಲೆ ಗಾಯನದಿಂದ ತಾನಾಗಿ ಬೇರೆಯಾಗಿ ನಿಲ್ಲುತ್ತದೆ. ನಾಟಕ ಕಂಪನಿಗಳ ಊರಾದ ದಾವಣಗೆರೆಯಲ್ಲಿ ‘ತೆರೆ’ ಎಂದರೆ ರಂಗದ ಪರದೆಯೂ ಹೌದು. ‘ಮೇಲೆ’ ಸೇರಿದ ಕೂಡಲೇ ಆ ಗೊಂದಲ ಹೋಗುತ್ತದೆ. ಅದರ ಕೆಳಗೆ ‘ಹಾಡಿನ ವಿಡಿಯೋಗಳು’, ‘ನಟಿಸಿದ ಚಿತ್ರಗಳು’, ‘ಕಿರುತೆರೆ’, ‘ಕಂಠದಾನ’ ಎಂಬ ಉಪಶೀರ್ಷಿಕೆಗಳು. ‘ಸೂಚಿ’ ಬೇಕೇ ಬೇಕು ಅನ್ನಿಸಿದರೆ ‘ವಿಡಿಯೋ ಸೂಚಿ’ ಆದೀತು.

‘ಸ್ವತಃ’ವನ್ನು ಖಂಡಿತ ಬಿಡಿ. ‘ಗಾಯಕರಾಗಿಯೇ’, ‘ಅತಿಥಿ’, ‘ಸ್ಪರ್ಧಿ’, ‘ತೀರ್ಪುಗಾರ’, ‘ನಡೆಸಿಕೊಟ್ಟವರು’, ಇವುಗಳಲ್ಲಿ ನಿಜವಾದದ್ದನ್ನು ಬರೆಯಿರಿ. ಚಂದನ್ ಶೆಟ್ಟಿ ‘ಬಿಗ್ ಬಾಸ್ ಕನ್ನಡ’ದ ಐದನೇ ಆವೃತ್ತಿಯಲ್ಲಿ ಇದ್ದದ್ದು ಸ್ಪರ್ಧಿಯಾಗಿ, ಗೆದ್ದದ್ದೂ ಅವರೇ. ಎಸ್‌ಪಿಬಿ ‘ಎದೆ ತುಂಬಿ ಹಾಡುವೆನು’ ಕಾರ್ಯಕ್ರಮವನ್ನು ನಡೆಸಿಕೊಟ್ಟವರು. ಎರಡೂ ಕಡೆ ‘ಸ್ವತಃ’ ಎಂದು ಬರೆದರೆ ಓದುಗರಿಗೆ ಏನೂ ತಿಳಿಸಿದಂತಾಗಲಿಲ್ಲ. ಪಾತ್ರಕ್ಕೆ ಹೆಸರಿದ್ದರೆ ಹೆಸರು: 1978ರ ‘ದಿ ವಿಝ್’ನಲ್ಲಿ ಜಾಕ್ಸನ್ ಬೆದರುಬೊಂಬೆ. 2002ರ ‘ಮೆನ್ ಇನ್ ಬ್ಲ್ಯಾಕ್ 2’ರಲ್ಲಿ ಗಳಿಗೆಯ ಹೊತ್ತು ಬಂದುಹೋಗುವ ಅತಿಥಿ ಪಾತ್ರ.

ವರ್ಷದ ಅಂಕಣದಲ್ಲೇ ಹೆಚ್ಚು ತಪ್ಪಾಗುವುದು, ಅದಕ್ಕೂ ಪದವೇ ಕಾರಣ. ‘ಬಿಡುಗಡೆ’ ಎಂದು ಒಂದೇ ಮಾತು ಹಾಕಿದರೆ ಯಾವುದರ ಬಿಡುಗಡೆ? ಜಾಕ್ಸನ್ ಅವರ ‘ಥ್ರಿಲ್ಲರ್’ ಆಲ್ಬಂ ಬಂದದ್ದು 1982ರ ನವೆಂಬರ್ 30ಕ್ಕೆ. ಅದೇ ಹೆಸರಿನ ಹಾಡಿನ ವಿಡಿಯೋ, ಜಾನ್ ಲ್ಯಾಂಡಿಸ್ ನಿರ್ದೇಶಿಸಿದ ಸುಮಾರು 14 ನಿಮಿಷದ್ದು, ಎಂ.ಟಿ.ವಿ.ಯಲ್ಲಿ ಮೊದಲು ಬಂದದ್ದು 1983ರ ಡಿಸೆಂಬರ್ 2ಕ್ಕೆ. ಒಂದು ವರ್ಷದ ಅಂತರ. ಮೋಟೌನ್ ಎಂಬ ಧ್ವನಿಮುದ್ರಿಕೆ ಸಂಸ್ಥೆಯ 25ನೇ ವರ್ಷದ ಕಾರ್ಯಕ್ರಮದಲ್ಲಿ ಜಾಕ್ಸನ್ ‘ಮೂನ್‌ವಾಕ್’ ಹೆಜ್ಜೆ ಹಾಕಿದ್ದು 1983ರ ಮಾರ್ಚ್ 25ಕ್ಕೆ, ಜನ ಟಿ.ವಿ.ಯಲ್ಲಿ ನೋಡಿದ್ದು ಮೇ 16ಕ್ಕೆ. ಆದ್ದರಿಂದ ಸಿನಿಮಾಕ್ಕೆ ‘ತೆರೆಕಂಡದ್ದು’, ಟಿ.ವಿ.ಗೆ ‘ಮೊದಲ ಪ್ರಸಾರ’, ಧ್ವನಿಮುದ್ರಿಕೆಗೆ ಮಾತ್ರ ‘ಬಿಡುಗಡೆ’ ಎಂದು ಬೇರೆ ಮಾಡಿ. ಯೂಟ್ಯೂಬಿನಲ್ಲಿ ವಿಡಿಯೋ ಕೆಳಗೆ ಕಾಣುವ ದಿನಾಂಕ ಅಲ್ಲಿಗೆ ಏರಿಸಿದ ದಿನ. ಯೂಟ್ಯೂಬ್ ಹುಟ್ಟಿದ್ದೇ 2005ರಲ್ಲಿ, ಅದಕ್ಕೆ ಮುಂಚಿನ ಯಾವ ವಿಡಿಯೋದ ವರ್ಷವನ್ನೂ ಅಲ್ಲಿಂದ ಎತ್ತಿಕೊಳ್ಳಬಾರದು.

‘ನಿರ್ದೇಶಕ’ ಎಂದೂ ಬಿಡಿಯಾಗಿ ಬರೆಯಬೇಡಿ. ಹಾಡಿನ ಪಕ್ಕ ಆ ಪದ ಕಂಡರೆ ಕನ್ನಡ ಓದುಗರು ‘ಸಂಗೀತ ನಿರ್ದೇಶಕ’ ಎಂದೇ ತಿಳಿಯುತ್ತಾರೆ. 1995ರ ‘ಮೇಡ್ ಇನ್ ಇಂಡಿಯಾ’ದಲ್ಲಿ ಹಾಡಿದವರು ಅಲಿಶಾ ಚಿನಾಯ್, ಸಂಗೀತ ಬಿದ್ದು ಎಂಬವರದು, ವಿಡಿಯೋ ನಿರ್ದೇಶನ ಕೆನ್ ಘೋಷ್ ಅವರದು. ‘ವಿಡಿಯೋ ನಿರ್ದೇಶನ’ ಎಂದು ಪೂರ್ತಿ ಬರೆದರೆ ಮುಗಿಯಿತು.

ಮತ್ತೊಂದು ಉತ್ತರ, ದಾವಣಗೆರೆಯಿಂದ:

ಆಲ್ಬಂ ಸಾಂಗ್ ಶೂಟಿಂಗ್ ಕೆಲಸದವರ ಬಾಯಲ್ಲಿರುವ ಪದಗಳನ್ನು ಸೇರಿಸುತ್ತೇನೆ, ಮೇಡಂ ಅವರಿಗೆ ಉಪಯೋಗಕ್ಕೆ ಬರಬಹುದು.

ನಮ್ಮ ಕಡೆ ‘ಮ್ಯೂಸಿಕ್ ವಿಡಿಯೋ’ ಎನ್ನುವವರು ಕಡಿಮೆ. ‘ಆಲ್ಬಂ ಸಾಂಗ್’ ಎಂದೇ ಹೇಳುವುದು, ಅಂದರೆ ಸಿನಿಮಾಕ್ಕೆ ಸೇರದ, ವಿಡಿಯೋ ಇರುವ ಒಂದು ಹಾಡು. ಇಲ್ಲಿ ಆಲ್ಬಂ ಎಂಬ ಪದಕ್ಕೆ ಮೂರು ಅರ್ಥ ಓಡಾಡುತ್ತವೆ. ಸ್ಟುಡಿಯೋದಲ್ಲಿ ಆಲ್ಬಂ ಎಂದರೆ ಮದುವೆ ಫೋಟೋಗಳ ಕರಿಷ್ಮಾ ಆಲ್ಬಂ. ಕ್ಯಾಸೆಟ್, ಸಿ.ಡಿ. ಕಾಲದವರಿಗೆ ಎಂಟು ಹತ್ತು ಹಾಡುಗಳ ಗುಚ್ಛ. ಹುಡುಗರಿಗೆ ಒಂದೇ ಹಾಡು. ಪಾಪ್ ಗಾಯಕರ ಪಟ್ಟಿಯಲ್ಲಿ ಎರಡನೆಯ ಅರ್ಥ ಬೇಕು, ಮೂರನೆಯದು ಬಂದರೆ ಲೆಕ್ಕ ಕೆಡುತ್ತದೆ. ‘ಈ ಗಾಯಕ ಇಪ್ಪತ್ತು ಆಲ್ಬಂ ಮಾಡಿದ್ದಾನೆ’ ಎಂದರೆ ಇಪ್ಪತ್ತು ಹಾಡೋ ಇನ್ನೂರು ಹಾಡೋ ಗೊತ್ತಾಗುವುದಿಲ್ಲ. ಬಿಡಿ ಹೂವು, ಬಿಡಿಭಾಗ ಇದ್ದ ಹಾಗೆ ಒಂದೊಂದಾಗಿ ಬಿಡುಗಡೆಯಾದದ್ದಕ್ಕೆ ‘ಬಿಡಿ ಹಾಡು’ ಎನ್ನಿ. ‘ಏಕಗೀತೆ’ ಎಂದರೆ ಒಬ್ಬರೇ ಹಾಡಿದ್ದು ಎಂದು ಕೇಳುತ್ತದೆ, ಯುಗಳಗೀತೆಗೆ ಎದುರುಪದದ ಹಾಗೆ.

‘ಲಿರಿಕಲ್ ವಿಡಿಯೋ’ ಪಟ್ಟಿಗೆ ಸೇರಬಾರದು. ಅದರಲ್ಲಿ ಸಾಹಿತ್ಯದ ಅಕ್ಷರ ಓಡುತ್ತದೆ, ಗಾಯಕರು ಒಂದೆರಡು ಸ್ಥಿರಚಿತ್ರದಲ್ಲಿ ಇದ್ದರೆ ಇದ್ದರು. ಶೂಟಿಂಗ್ ಹೇಗೆ ನಡೆಯಿತೆಂದು ತೋರಿಸುವ ‘ಮೇಕಿಂಗ್ ವಿಡಿಯೋ’ ಕೂಡ ಬೇರೆಯೇ. ಆದರೆ ಒಂದೇ ಹಾಡಿನ ಅಧಿಕೃತ ವಿಡಿಯೋ ಎರಡು ಅಳತೆಯಲ್ಲಿ ಇದ್ದರೆ ಎರಡನ್ನೂ ಅಡಿಟಿಪ್ಪಣಿಯಲ್ಲಿ ಹೇಳಬೇಕು. ಮಾರ್ಟಿನ್ ಸ್ಕಾರ್ಸೆಸಿ ನಿರ್ದೇಶಿಸಿದ, ಜಾಕ್ಸನ್ ಅವರ ‘ಬ್ಯಾಡ್’ 1987ರಲ್ಲಿ ಬಂದಾಗ ಸುಮಾರು 18 ನಿಮಿಷ. ಚಾನೆಲ್‌ಗಳು ಸಾಮಾನ್ಯವಾಗಿ ಹಾಕುವುದು ಹಾಡಿನ ಭಾಗವನ್ನಷ್ಟೇ. 1991ರ ‘ಬ್ಲ್ಯಾಕ್ ಆರ್ ವೈಟ್’ನ ಕೊನೆಯ ನಾಲ್ಕು ನಿಮಿಷದಷ್ಟನ್ನು ವೀಕ್ಷಕರು ತಕರಾರು ತೆಗೆದ ಮೇಲೆ ಕತ್ತರಿಸಿದರು. ಅವಧಿಯ ಅಂಕಣದಲ್ಲಿ ಒಬ್ಬರು 11, ಇನ್ನೊಬ್ಬರು 6 ಎಂದು ಬರೆಯುವುದು ಇದರಿಂದ.

‘ಲಿಪ್ ಸಿಂಕ್’ಗೆ ‘ತುಟಿ ಆಡಿಸು’ ಸಾಲದು ಅನ್ನಿಸುತ್ತದೆ. ಆಡಿಸುವುದು ಬೇರೆ, ಹಾಡಿಗೆ ಕೂಡಿಬರುವುದು ಬೇರೆ. ‘ತುಟಿ ಕೂಡಿದೆ, ಕೂಡಿಲ್ಲ’ ಎಂದರೆ ಅರ್ಥ ನೇರ. ಸ್ಲೋ ಮೋಷನ್ ಹಾಡಿನಲ್ಲಿ ಇದು ಕೆಡುವುದು ಹೆಚ್ಚು. ಸೆಕೆಂಡಿಗೆ 50 ಫ್ರೇಮಿನಲ್ಲಿ ಹಿಡಿದು 25ರಲ್ಲಿ ತೋರಿಸುವುದಾದರೆ, ಶೂಟಿಂಗ್ ಹೊತ್ತಿನಲ್ಲಿ ಸ್ಪೀಕರಿನಲ್ಲಿ ಹಾಡನ್ನು ಎರಡು ಪಟ್ಟು ವೇಗದಲ್ಲಿ ಹಾಕಿ, ಗಾಯಕರು ಅದಕ್ಕೇ ತುಟಿ ಕೂಡಿಸಬೇಕು. ಮಾಮೂಲಿ ವೇಗದಲ್ಲಿ ಹಾಕಿದರೆ ತೆರೆಯ ಮೇಲೆ ತುಟಿ ಹಿಂದೆ, ಹಾಡು ಮುಂದೆ. ಹಾಗೆ ಹಾಡು ಹಾಕುವುದಕ್ಕೆ ಸೆಟ್ಟಿನಲ್ಲಿ ‘ಪ್ಲೇಬ್ಯಾಕ್’ ಎನ್ನುತ್ತಾರೆ, ಇದೂ ಹಿನ್ನೆಲೆ ಗಾಯನವೂ ಒಂದಲ್ಲ. ಅನುವಾದ ಮಾಡುವವರು ಇಲ್ಲಿ ಎಡವುತ್ತಾರೆ.

‘ಲೈವ್’ ವಿಡಿಯೋಗಳಿಗೆ ‘ರಸಮಂಜರಿ’ ಎಂದು ಯಾರಾದರೂ ಸೂಚಿಸಬಹುದು. ಬೇಡ. ಜಾತ್ರೆಯ ರಸಮಂಜರಿಯಲ್ಲಿ ಹಾಡುವುದು ಸಾಮಾನ್ಯವಾಗಿ ಬೇರೆಯವರ ಸಿನಿಮಾ ಹಾಡುಗಳನ್ನು. ತಮ್ಮದೇ ಹಾಡುಗಳನ್ನು ಹಾಡುವ ಪಾಪ್ ಗಾಯಕರದ್ದಕ್ಕೆ ‘ವೇದಿಕೆ ಕಾರ್ಯಕ್ರಮ’ ಸಾಕು. ಜಾಕ್ಸನ್ ತೀರಿಕೊಂಡ ಮೇಲೆ 2009ರಲ್ಲಿ ತೆರೆಕಂಡ ‘ದಿಸ್ ಈಸ್ ಇಟ್’ ಕಾರ್ಯಕ್ರಮದ ಚಿತ್ರವೂ ಅಲ್ಲ, ಅಭ್ಯಾಸದ ಚಿತ್ರಣ. ಅದಕ್ಕೆ ಗರಡಿ ಮನೆಯಲ್ಲೂ ನಾಟಕ ಕಂಪನಿಯಲ್ಲೂ ಬಳಸುವ ‘ತಾಲೀಮು’ ಇದೆಯಲ್ಲ. ‘ತಾಲೀಮಿನ ಸಾಕ್ಷ್ಯಚಿತ್ರ’.

ಪ್ರಶ್ನೆ ಕೇಳಿದವರಿಂದ:

ಇಬ್ಬರಿಗೂ ಧನ್ಯವಾದ. ‘ತೆರೆಯ ಮೇಲೆ’ ಒಪ್ಪಿಗೆಯಾಯಿತು, ‘ಬಿಡಿ ಹಾಡು’, ‘ತುಟಿ ಕೂಡು’, ‘ತಾಲೀಮು’ ಕೂಡ. ‘ವಿಡಿಯೋ’ ಎಂಬ ಪದವನ್ನು ವಿಡಿಯೊ, ವೀಡಿಯೊ, ವೀಡಿಯೋ ಎಂದೆಲ್ಲ ಬರೆಯುತ್ತಿರುವುದರಿಂದ ಹುಡುಕುವಾಗ ಅರ್ಧ ಪುಟಗಳು ತಪ್ಪಿಹೋಗುತ್ತವೆ. ಬೋರ್ಡುಗಳಲ್ಲಿ ಹೆಚ್ಚಾಗಿ ಕಾಣುವ ‘ವಿಡಿಯೋ’ವನ್ನೇ ಪಟ್ಟಿಯ ಉದ್ದಕ್ಕೂ ಇಟ್ಟುಕೊಳ್ಳುತ್ತೇನೆ.

ಉಳಿದದ್ದು ಎರಡು ನಮೂದುಗಳು. 1986ರ ‘ಕ್ಯಾಪ್ಟನ್ ಇಒ’: ಫ್ರಾನ್ಸಿಸ್ ಫೋರ್ಡ್ ಕೊಪೊಲಾ ನಿರ್ದೇಶಿಸಿದ 17 ನಿಮಿಷದ ತ್ರೀಡಿ ಚಿತ್ರ, ತೋರಿಸಿದ್ದು ಡಿಸ್ನಿ ಉದ್ಯಾನಗಳಲ್ಲಿ. ಅದು ಬೆಳ್ಳಿತೆರೆಯೂ ಅಲ್ಲ, ಕಿರುತೆರೆಯೂ ಅಲ್ಲ. ಇದನ್ನು ‘ನಟಿಸಿದ ಚಿತ್ರಗಳು’ ಕೆಳಗೆ ‘ಕಿರುಚಿತ್ರ’ ಎಂಬ ಗುರುತಿನೊಂದಿಗೆ ಹಾಕಬಹುದು ಎಂದುಕೊಂಡಿದ್ದೇನೆ. ತೊಂದರೆ ಏನೆಂದರೆ ಜಾಕ್ಸನ್ ತಮ್ಮ ಹಾಡಿನ ವಿಡಿಯೋಗಳನ್ನೂ ಕಿರುಚಿತ್ರ ಎಂದೇ ಕರೆಯುತ್ತಿದ್ದರು. ಅವರ ಮಾತನ್ನು ಹಿಡಿದು ಹೊರಟರೆ ಎರಡು ವಿಭಾಗಗಳ ನಡುವಿನ ಗೆರೆಯೇ ಅಳಿಸುತ್ತದೆ. ಆದ್ದರಿಂದ ಹಾಡಿಗಾಗಿ ವಿಡಿಯೋ ಆದದ್ದನ್ನು ‘ಹಾಡಿನ ವಿಡಿಯೋ’, ಕಥೆಗಾಗಿ ಹಾಡು ಬಂದದ್ದನ್ನು ‘ಕಿರುಚಿತ್ರ’ ಎಂದು ಬೇರ್ಪಡಿಸುತ್ತೇನೆ.

ಎರಡನೆಯದು 1988ರ ‘ಮೂನ್‌ವಾಕರ್’. ಅದು ಸಿನಿಮಾ, ಆದರೆ ಒಳಗೆ ‘ಸ್ಮೂತ್ ಕ್ರಿಮಿನಲ್’, ‘ಲೀವ್ ಮಿ ಅಲೋನ್’ ಮುಂತಾದ ಹಾಡಿನ ವಿಡಿಯೋಗಳೂ ಇವೆ. ಸಿನಿಮಾ ಒಂದು, ವಿಡಿಯೋ ಇಷ್ಟು ಎಂದು ಎರಡೂ ಕಡೆ ಎಣಿಸಿದರೆ ಒಟ್ಟು ಸಂಖ್ಯೆ ಉಬ್ಬುತ್ತದೆ. ಒಂದು ಕಡೆ ನಮೂದು, ಇನ್ನೊಂದು ಕಡೆ ‘ನೋಡಿ’ ಎಂಬ ಸೂಚನೆ ಮಾತ್ರ ಇಟ್ಟರೆ ಸಾಕೇ, ಅಥವಾ ‘ಒಳಗೊಂಡ ಹಾಡುಗಳು’ ಎಂದು ಪ್ರತ್ಯೇಕ ಅಂಕಣ ಮಾಡಬೇಕೇ? ಗ್ರಂಥಸೂಚಿ ಕೆಲಸ ಮಾಡಿದವರು ಸಂಕಲನಗಳಿಗೆ ಯಾವ ಕ್ರಮ ಅನುಸರಿಸುತ್ತಾರೆ ಎಂದು ತಿಳಿಸಿದರೆ ಅದನ್ನೇ ಇಲ್ಲಿಯೂ ಪಾಲಿಸುತ್ತೇನೆ.