ಹಳೇ ಕಂಪ್ಯೂಟರ್‌ಗೇ ದುಡ್ಡು ಹಾಕಲಾ, ಹೊಸದು ತಗೊಳ್ಳಲಾ? ನುಡಿ ಫೈಲ್‌ಗಳದ್ದೇ ಚಿಂತೆ

ಮಂಡ್ಯ ಟೈಪಿಂಗ್:

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಕೋರ್ಟ್ ಹತ್ತಿರ ನನ್ನದೊಂದು ಚಿಕ್ಕ ಟೈಪಿಂಗ್ ಅಂಗಡಿ ಇದೆ. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್, ಇವೇ ದಿನದ ಕೆಲಸ, ಎಲ್ಲಾ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ. 2016ರಲ್ಲಿ ತಗೊಂಡ ಡೆಸ್ಕ್‌ಟಾಪ್, ಆರನೇ ಜನರೇಶನ್ ಐ3, 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್. ಬೆಳಿಗ್ಗೆ ಸ್ವಿಚ್ ಹಾಕಿ, ಬಾಗಿಲಿಗೆ ನೀರು ಹಾಕಿ, ಫೋಟೋಗೆ ಹೂ ಇಟ್ಟು ಬಂದರೂ ವರ್ಡ್ ತೆರೆದಿರುವುದಿಲ್ಲ. ಅಷ್ಟು ಹೊತ್ತಿಗೆ ಕಕ್ಷಿದಾರರು ಎದುರಿಗೆ ನಿಂತಿರುತ್ತಾರೆ.

ವಿಂಡೋಸ್ 10ಕ್ಕೆ ಸಪೋರ್ಟ್ ನಿಂತಿದೆ ಅಂತ ಬೇರೆ ಸ್ಕ್ರೀನ್ ಮೇಲೆ ಬರುತ್ತಿದೆ. ನೋಡಲು ಬಂದ ರಿಪೇರಿಯವರು, ಇದಕ್ಕೆ ವಿಂಡೋಸ್ 11 ಹತ್ತಲ್ಲ, ಹೊಸದಕ್ಕೆ 45 ಸಾವಿರ ಆಗುತ್ತೆ, ಇಎಂಐ ಮಾಡಿಕೊಡ್ತೀನಿ ಅಂದರು. ಮಗಳಿಗೆ ಈ ವರ್ಷ ಪಿಯುಸಿ, ಫೀಸು ಕಟ್ಟಬೇಕು. ಜೊತೆಗೆ ಇನ್ನೊಂದು ತೊಂದರೆ. ವಕೀಲರಿಗೆ ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿದರೆ ಅವರ ಫೋನ್‌ನಲ್ಲಿ ಕನ್ನಡವೇ ಕಾಣುವುದಿಲ್ಲ, ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಚುಕ್ಕಿ, ಗೆರೆ ಇಟ್ಟ ಹಾಗೆ ಏನೇನೋ ಬರುತ್ತದೆ. ಹೊಸ ಕಂಪ್ಯೂಟರ್ ತಗೊಂಡರೆ ಇದೂ ಸರಿ ಹೋಗುತ್ತಾ? ತಿಳಿದವರು ದಯವಿಟ್ಟು ಹೇಳಿ.

ಸರಸ್ವತಿಪುರಂ ಡಿಟಿಪಿ:

ಅಕ್ಕ, ಸದ್ಯಕ್ಕೆ 45 ಸಾವಿರ ಕೊಡಬೇಡಿ. ನಾನೂ ಮೈಸೂರಲ್ಲಿ ಇದೇ ಕೆಲಸ ಮಾಡುವವನು, ಎರಡು ವರ್ಷದ ಹಿಂದೆ ಇದೇ ಸಂಕಟ ಪಟ್ಟಿದ್ದೆ.

ನಿಧಾನ ಆಗುತ್ತಿರುವುದು ಹೆಚ್ಚಾಗಿ ಆ ತಿರುಗುವ ಹಾರ್ಡ್ ಡಿಸ್ಕ್‌ನಿಂದ. ಅದರ ಜಾಗಕ್ಕೆ ಒಂದು 240 ಜಿಬಿ ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ವೇಗದ ಡಿಸ್ಕ್) ಹಾಕಿಸಿ, ರ‍್ಯಾಮ್ 8 ಜಿಬಿ ಮಾಡಿಸಿ. ಆರನೇ ಜನರೇಶನ್ ಬೋರ್ಡುಗಳಲ್ಲಿ ಕೆಲವಕ್ಕೆ ಡಿಡಿಆರ್3, ಕೆಲವಕ್ಕೆ ಡಿಡಿಆರ್4, ಡಬ್ಬಿ ಬಿಚ್ಚಿ ನೋಡಿಯೇ ತರಬೇಕು. ನನ್ನದು ಸ್ವಿಚ್ ಹಾಕಿ ಚಪ್ಪಲಿ ಬಿಟ್ಟು ಕೂರುವಷ್ಟರಲ್ಲಿ ರೆಡಿ ಇರುತ್ತದೆ. ಹಳೇ ಡಿಸ್ಕ್ ಮಾತ್ರ ಅವರ ಕೈಗೆ ಕೊಟ್ಟು ಬರಬೇಡಿ. ಜನರ ಆಧಾರ್, ಪ್ಯಾನ್, ಜಮೀನಿನ ವಿವರ ಎಲ್ಲಾ ಅದರಲ್ಲಿದೆ ಅಲ್ವಾ?

ಇನ್ನು ಕನ್ನಡ ಕಾಣದಿರುವುದು, ಅದಕ್ಕೂ ಕಂಪ್ಯೂಟರ್‌ಗೂ ಸಂಬಂಧ ಇಲ್ಲ. ನೀವು ಹಳೇ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡುತ್ತಿದ್ದೀರಿ. ಅದರಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ, ಮೇಲೆ ಕನ್ನಡದ ವೇಷ ಹಾಕಿಸುವುದು ಫಾಂಟು. ಆ ಫಾಂಟ್ ಇಲ್ಲದ ಫೋನ್‌ನಲ್ಲಿ ವೇಷ ಕಳಚಿ ಬೀಳುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೇ ಪ್ರತ್ಯೇಕ ಸಂಕೇತ ಇರುವುದರಿಂದ ಎಲ್ಲಿ ತೆರೆದರೂ ಓದಬಹುದು. ನುಡಿಯಲ್ಲೇ ಯುನಿಕೋಡ್ ಆಯ್ಕೆ ಇದೆ, ಕೀಲಿಮಣೆ ಅದೇ ಕೆ.ಪಿ. ರಾವ್ ವಿನ್ಯಾಸ, ಬೆರಳಿಗೆ ಹೊಸದಾಗಿ ಕಲಿಸುವುದು ಏನೂ ಇಲ್ಲ. ನಾಳೆಯಿಂದ ಹೊಸ ಪತ್ರ ಎಲ್ಲಾ ಅದರಲ್ಲೇ ಮಾಡಿ. ಹಳೇದನ್ನು ಕಳಿಸಲೇಬೇಕಾದರೆ ಪಿಡಿಎಫ್ ಮಾಡಿ ಕಳಿಸಿ, ಫಾಂಟ್ ಅದರೊಳಗೇ ಸೇರಿಕೊಂಡು ಹೋಗುತ್ತದೆ.

ಹೆಬ್ಬಾಳ ಶಿಫ್ಟ್:

ಮೇಲಿನವರು ಹೇಳಿದ್ದು ಸರಿ, ಆದರೆ ಸಪೋರ್ಟ್ ವಿಷಯ ಬಿಟ್ಟುಬಿಟ್ಟರು. ನಾನು ಫ್ಯಾಕ್ಟರಿಯಲ್ಲಿ ಸಿಸ್ಟಂ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಸಪೋರ್ಟ್ ಮುಗಿದಿದೆ. ವಿಂಡೋಸ್ 11ಕ್ಕೆ ಟಿಪಿಎಂ 2.0 ಅನ್ನುವ ಸೆಕ್ಯುರಿಟಿ ಚಿಪ್ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಜನರೇಶನ್‌ನಿಂದ ಈಚೆಗಿನದು. ಹಾಗಾಗಿ ನಿಮ್ಮ ರಿಪೇರಿಯವರು ಸುಳ್ಳು ಹೇಳಿಲ್ಲ. ಆದರೆ ಮನೆ ಬಳಕೆಯ ಕಂಪ್ಯೂಟರ್‌ಗಳಿಗೆ ಸೆಕ್ಯುರಿಟಿ ಅಪ್‌ಡೇಟ್ ಮಾತ್ರ 2026ರ ಅಕ್ಟೋಬರ್‌ವರೆಗೆ ಪಡೆಯುವ ದಾರಿ ಕೊಟ್ಟಿದ್ದಾರೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡಿಲ್ಲದೆ ಸಿಗುತ್ತದೆ. ಅದನ್ನು ಮಾಡಿಕೊಂಡು ಅಷ್ಟರೊಳಗೆ ಸ್ವಲ್ಪ ಸ್ವಲ್ಪ ದುಡ್ಡು ಎತ್ತಿಡಿ.

ಕೆಲವರು ಪೆನ್‌ಡ್ರೈವ್‌ನಿಂದ ಅಡ್ಡದಾರಿಯಲ್ಲಿ 11 ಹಾಕಿಕೊಡ್ತೀವಿ ಅಂತಾರೆ, ಜನರ ದಾಖಲೆ ಇರುವ ಮೆಷಿನ್‌ಗೆ ಅದು ಬೇಡ. ಆಮೇಲೆ ಬೇಕಾದರೆ ಎಂಟನೇ ಜನರೇಶನ್‌ನ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ನೋಡಿ, ಕಂಪನಿಗಳಿಂದ ಹೊರಗೆ ಬಂದವು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಬಿಲ್ ಮತ್ತು ವಾರಂಟಿ ಬರವಣಿಗೆಯಲ್ಲಿ ಇಲ್ಲದೆ ತರಬೇಡಿ. ಈಗ ಹಾಕಿಸುವ ಎಸ್‌ಎಸ್‌ಡಿ ಅದಕ್ಕೂ ಆಗುತ್ತದೆ, ದುಡ್ಡು ದಂಡವಲ್ಲ.

ಮಂಡ್ಯ ಟೈಪಿಂಗ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಭಾನುವಾರ ಎಸ್‌ಎಸ್‌ಡಿ ಹಾಕಿಸಿದೆ, ರ‍್ಯಾಮ್ ಇನ್ನೂ ಇಲ್ಲ. ಅಷ್ಟಕ್ಕೇ ನನ್ನ ಮೆಷಿನ್ ಇದೇನಾ ಅನ್ನಿಸಿತು. ಹಳೇ ಡಿಸ್ಕ್ ಮನೆಯ ಬೀರುವಿನಲ್ಲಿದೆ.

ಒಂದು ವಿಷಯ ಬೇರೆಯವರಿಗೂ ಉಪಯೋಗವಾಗಲಿ ಅಂತ ಬರೀತೀನಿ. ಹಳೇ ಕ್ರಯಪತ್ರದ ಮಾದರಿಯೊಂದನ್ನು, ಆಸ್ಕಿಯಿಂದ ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗೆ ಪೂರ್ತಿ ಹಾಕಿದೆ. ಕನ್ನಡ ಚೆನ್ನಾಗಿ ಬಂತು. ಆದರೆ ನಡುವೆ ಇಂಗ್ಲಿಷ್‌ನಲ್ಲಿದ್ದ ಪ್ಯಾನ್ ನಂಬರಿನ ಅಕ್ಷರಗಳನ್ನೂ ಅದು ಕನ್ನಡ ಮಾಡಿಬಿಟ್ಟಿತ್ತು. ಓದಿ ನೋಡದೆ ಪ್ರಿಂಟ್ ಕೊಟ್ಟಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪಾರ್ಟಿಯವರು ದಿನವಿಡೀ ಅಲೆಯಬೇಕಿತ್ತು. ಇದಕ್ಕೆ ಏನು ಮಾಡ್ತೀರಿ?

ಸರಸ್ವತಿಪುರಂ ಡಿಟಿಪಿ:

ಕನ್ವರ್ಟರ್‌ಗೆ ಅದು ಇಂಗ್ಲಿಷೋ ಕನ್ನಡವೋ ಗೊತ್ತಾಗುವುದಿಲ್ಲ ಅಕ್ಕ, ಎರಡೂ ಒಂದೇ ಸಂಕೇತ. ನಾನು ಇಂಗ್ಲಿಷ್ ಇರುವ ಸಾಲು ಬಿಟ್ಟು ಪ್ಯಾರಾ ಪ್ಯಾರಾ ಆಗಿ ಹಾಕ್ತೀನಿ. ಆಮೇಲೆ ಹಳೇ ಪ್ರಿಂಟ್ ಪಕ್ಕ ಇಟ್ಟುಕೊಂಡು ಸರ್ವೆ ನಂಬರು, ಎಕರೆ ಗುಂಟೆ, ಚಕ್ಕುಬಂದಿ, ಇಷ್ಟನ್ನು ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿ ತಾಳೆ ನೋಡ್ತೀನಿ. ಒತ್ತಕ್ಷರ, ಅರ್ಕಾವತ್ತು ಇರುವ ಹೆಸರುಗಳನ್ನೂ ನೋಡಿ. ಎಲ್ಲಾ ಹಳೇ ಫೈಲ್ ಒಟ್ಟಿಗೆ ಮಾಡಲು ಹೋಗಬೇಡಿ, ಬೇಕಾದಾಗ ಬೇಕಾದ್ದು ಮಾತ್ರ. ನಾನು ನಲವತ್ತು ಮಾದರಿ ಮಾಡಿಟ್ಟಿದ್ದೀನಿ, ಖಾಲಿ ಜಾಗ ಬಿಟ್ಟವು. ಮೇಲ್ ಮಾಡ್ತೀನಿ, ನಿಮ್ಮ ಕೋರ್ಟಿನ ರೀತಿಗೆ ತಿದ್ದಿಕೊಳ್ಳಿ.